‘ನನ್ನಿಂದ ಆಗಲ್ಲ’ ಅನ್ನುವವರಿಗೆ ಒಂದು ಚೀಟಿ

“ನನಗೆ ಲೆಕ್ಕ ಅಂದರೆ ಆಗಲ್ಲ ಮೇಡಂ. ಚಿಕ್ಕಂದಿನಿಂದಲೂ ಹಾಗೇ.”

ತಮ್ಮ ಎತ್ತರ, ಹುಟ್ಟಿದ ತಾರೀಖು ಹೇಳುವಷ್ಟು ಸಹಜವಾಗಿ ಆಕೆ ಇದನ್ನು ಹೇಳಿದರು. ವಯಸ್ಸು ನಲವತ್ತರ ಹತ್ತಿರ. ಕೆಲಸದಲ್ಲಿ ಒಳ್ಳೆಯ ಹೆಸರಿತ್ತು. ಬಡ್ತಿ ಎರಡು ಸಲ ಬಾಗಿಲಿಗೆ ಬಂದಿತ್ತು, ಎರಡು ಸಲವೂ ಬೇಡ ಅಂದಿದ್ದರು. ಆ ಹುದ್ದೆಯಲ್ಲಿ ತಿಂಗಳ ಖರ್ಚಿನ ಲೆಕ್ಕ ನೋಡಬೇಕಿತ್ತು, ಅದೇ ಕಾರಣ. ಆದರೆ ಕಚೇರಿಯಲ್ಲಿ ‘ಮನೆ ಕಡೆ ಜವಾಬ್ದಾರಿ ಜಾಸ್ತಿ’ ಅಂದಿದ್ದರು. (ಯಾರೆಂದು ತಿಳಿಯದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೌನ್ಸೆಲಿಂಗ್‌ಗೆ ಬರುವವರಲ್ಲಿ ಇಂಥ ಮಾತು ಕೇಳುವುದು ನನಗೆ ದಿನನಿತ್ಯದ ಸಂಗತಿ. ನಾಲ್ಕು ಜನರ ಮುಂದೆ ಮಾತಾಡಲು ಬರಲ್ಲ. ಈ ವಯಸ್ಸಿಗೆ ಹೊಸದು ತಲೆಗೆ ಹತ್ತಲ್ಲ. ನಾನು ಯಾರಿಗೂ ಬೇಡದವಳು. ಹೇಳುವವರಿಗೆ ಇದು ಅಭಿಪ್ರಾಯ ಅನ್ನಿಸುವುದೇ ಇಲ್ಲ, ತಮ್ಮ ಗುಣವೇ ಅದು ಅನ್ನಿಸುತ್ತದೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆ ಇದ್ದವರ ಮಾತು ಕೇಳುತ್ತಾ ಗಮನಿಸಿದ್ದು ಇದನ್ನೇ. ಕ್ಷಣದಲ್ಲಿ ಮಿಂಚಿ ಹೋಗುವ ಯೋಚನೆಗಳನ್ನು ಆ ರೋಗಿಗಳು ಪರೀಕ್ಷೆಯನ್ನೇ ಮಾಡದೆ ನಿಜ ಅಂತ ಒಪ್ಪಿಕೊಂಡುಬಿಡುತ್ತಿದ್ದರು.

ಲೆಕ್ಕ ಆಗಲ್ಲ ಅಂದಾಕೆಯನ್ನು ಕೇಳಿದೆ, ಇದು ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಐದನೇ ಕ್ಲಾಸು. ಬೋರ್ಡಿನ ಮೇಲೆ ಒಂದು ಭಾಗಾಕಾರ. ಕೈಯಲ್ಲಿ ಸೀಮೆಸುಣ್ಣ. ಬೆನ್ನ ಹಿಂದೆ ಇಡೀ ತರಗತಿ ನಗುತ್ತಿತ್ತು. “ಆ ಸೀಮೆಸುಣ್ಣ ಬೆವರಿಗೆ ಮೆತ್ತಗಾಗಿತ್ತು” ಅಂದರು. ಇದಾಗಿ ಮೂವತ್ತು ವರ್ಷ ಆಗಿತ್ತು.

ಇಷ್ಟು ವರ್ಷ ಈ ನಂಬಿಕೆ ಹೇಗೆ ಉಳಿಯಿತು? ಆ ಒಂದು ದಿನದ ಅವಮಾನ ಬೀಜ ಮಾತ್ರ. ಗೊಬ್ಬರ ಸಿಕ್ಕಿದ್ದು ಆಮೇಲೆ, ತಪ್ಪಿಸಿಕೊಂಡ ಪ್ರತಿಸಲವೂ. ಬಿಲ್ ಬಂದರೆ ಪಕ್ಕದವರ ಕೈಗೆ ಕೊಡುವುದು, ಲೆಕ್ಕದ ಹಾಳೆ ಬಂದರೆ ಸಹೋದ್ಯೋಗಿಯ ಕಡೆ ಸರಿಸುವುದು. ಸರಿಸಿದ ಕೂಡಲೇ ಎದೆ ಹಗುರ ಆಗುತ್ತದಲ್ಲ, ಆ ನೆಮ್ಮದಿಯೇ ಮುಂದಿನ ಸಲವೂ ತಪ್ಪಿಸಿಕೊಳ್ಳಲು ಕಲಿಸುತ್ತದೆ. ಮಾಡಿ ನೋಡದೆ ಇದ್ದರೆ ‘ಆಗುತ್ತೆ’ ಅನ್ನುವುದಕ್ಕೆ ಒಂದು ಸಾಕ್ಷಿಯಾದರೂ ಎಲ್ಲಿಂದ ಬರಬೇಕು?

ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಇಂಥವರ ಜೊತೆ ವಾದ ಮಾಡುತ್ತಿದ್ದೆ. ನೋಡಿ, ನೀವು ಇಷ್ಟೆಲ್ಲ ಮಾಡಿದ್ದೀರಿ, ಇದು ಯಾಕೆ ಆಗಲ್ಲ? ಅವರು ತಲೆಯಾಡಿಸುತ್ತಿದ್ದರು. ಮುಂದಿನ ವಾರ ಅದೇ ಮಾತು ಹೊತ್ತು ಬರುತ್ತಿದ್ದರು. ಬರೀ ಮಾತಿನಿಂದ ಇದು ಹೋಗುವುದಿಲ್ಲ ಅಂತ ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು.

ಕನ್ನಡಿ ಮುಂದೆ ನಿಂತು ‘ನಾನು ಸಮರ್ಥೆ’ ಅಂತ ದಿನಾ ಹೇಳಿಕೊಳ್ಳಿ ಅನ್ನುವ ಸಲಹೆಯನ್ನೂ ನಾನು ಕೊಡುವುದಿಲ್ಲ. 2009ರಲ್ಲಿ ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಯೋಚಿಸುವವರಿಗೆ ಇಂಥ ಮಾತು ಹೇಳಿಕೊಂಡ ಮೇಲೆ ಇನ್ನೂ ಬೇಸರ ಆಯಿತು. ಬಾಯಿ ಒಂದು ಹೇಳುವಾಗ ಒಳಗಿನ ದನಿ ‘ಸುಳ್ಳು’ ಅನ್ನುತ್ತಿರುತ್ತದೆ, ಅಲ್ವಾ?

ನನ್ನ ಕೆಲಸದ ರೀತಿ ಬದಲಾಗಿದ್ದಕ್ಕೆ ಒಂದು ಹಳೆಯ ಪ್ರಯೋಗವೂ ಕಾರಣ. ಓದಲು ಕಷ್ಟವಾಗುವ ಪ್ರಯೋಗ ಅದು. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಕಟ್ಟಿ ಶಾಕ್ ಕೊಟ್ಟರು. ಮರುದಿನ ಅವನ್ನು ಇನ್ನೊಂದು ಪೆಟ್ಟಿಗೆಗೆ ಬಿಟ್ಟರು. ನಡುವೆ ಗಿಡ್ಡನೆಯ ತಡೆ. ಹಾರಿದರೆ ಸಾಕು, ಶಾಕ್ ಇಲ್ಲ. ಆದರೂ ಹೆಚ್ಚಿನವು ಹಾರಲಿಲ್ಲ, ಅಲ್ಲೇ ಮಲಗಿ ನರಳಿದವು. ಮುಂದಿನ ವರ್ಷ ಪ್ರಕಟವಾದ ಕೆಲಸದಲ್ಲಿ ಇಂಥ ನಾಯಿಗಳನ್ನು ಹಗ್ಗ ಕಟ್ಟಿ ಆಚೆ ಬದಿಗೆ ಎಳೆದರು. ಮೊದಲು ಜೋರಾಗಿ ಎಳೆಯಬೇಕಾಯಿತು. ಎಳೆದ ಹಾಗೆಲ್ಲ ಬೇಕಾದ ಬಲ ಕಡಿಮೆಯಾಯಿತು. ಕೊನೆಗೆ ತಾವೇ ಹಾರತೊಡಗಿದವು. ಅವುಗಳಿಗೆ ಕಲಿಸಿದ್ದು ಕಾಲು ಆಚೆ ಬದಿಯ ನೆಲ ಮುಟ್ಟಿದ ಅನುಭವ.

ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು, ‘ಏನು ಮಾಡಿದರೂ ಪ್ರಯೋಜನವಿಲ್ಲ ಅಂತ ನಾಯಿಗಳು ಕಲಿತುಬಿಟ್ಟವು’ ಅನ್ನುವ ತಮ್ಮ ಹಳೆಯ ವಿವರಣೆಯನ್ನು ತಿದ್ದಿಕೊಂಡರು. ನೋವು ತುಂಬಾ ಹೊತ್ತು ಮುಂದುವರಿದಾಗ ಸುಮ್ಮನೆ ಬಿದ್ದಿರುವುದು ಕಲಿತ ಪಾಠ ಅಲ್ಲ, ಅದು ಮಿದುಳಿನ ಮೂಲ ಸ್ವಭಾವ. ಕಲಿಯಬೇಕಾದದ್ದು ‘ಇದು ನನ್ನ ಕೈಯಲ್ಲಿದೆ’ ಅನ್ನುವುದನ್ನು. ತಮ್ಮನ್ನು ‘ಹೇಡಿ’ ಅಂತ ಬೈದುಕೊಳ್ಳುವವರಿಗೆ ನಾನು ಇದನ್ನು ಹೇಳದೇ ಬಿಡುವುದಿಲ್ಲ. ಅವರ ಮುಖ ಸ್ವಲ್ಪ ಸಡಿಲವಾಗುವುದು ಕಾಣುತ್ತದೆ.

ಮತ್ತೆ ಆಕೆಯ ವಿಷಯಕ್ಕೆ ಬರುತ್ತೇನೆ. ಒಂದು ಚೀಟಿ ಕೊಟ್ಟೆ. ಒಂಬತ್ತು ಲೆಕ್ಕ ಇರುವ ಹಾಳೆ ಕೊಡುತ್ತೇನೆ, ಏನಾಗುತ್ತದೆ ಅಂತ ಮೊದಲೇ ಬರೆಯಿರಿ ಅಂದೆ. ‘ಎಲ್ಲ ತಪ್ಪಾಗುತ್ತೆ. ಹತ್ತು ನಿಮಿಷ ಕೂರೋಕಾಗಲ್ಲ. ಎದ್ದು ಹೋಗ್ತೀನಿ.’ ಎಷ್ಟು ಖಾತ್ರಿ? ನೂರಕ್ಕೆ ತೊಂಬತ್ತು.

ಪೆನ್ನು ಹಿಡಿದ ಬೆರಳ ತುದಿ ಬೆಳ್ಳಗಾಗಿತ್ತು. ಮೊದಲ ಲೆಕ್ಕವನ್ನು ಮೂರು ಸಲ ಹೊಡೆದುಹಾಕಿದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈ ಬಿಡುವಿಲ್ಲದೆ ಓಡತೊಡಗಿತು. ಇಪ್ಪತ್ತೈದು ನಿಮಿಷ ಕೂತರು. ಎರಡು ತಪ್ಪು. ಒಂದನ್ನು ತಾವೇ ಕಂಡುಹಿಡಿದು ತಿದ್ದಿದರು.

ಆಮೇಲೆ ಹೇಳಿದರು: “ನೀವು ಸುಲಭದ್ದು ಕೊಟ್ಟಿದ್ದೀರಿ.”

ಇಲ್ಲೇ ಅನೇಕರು ಎಡವುವುದು. ಸೋತರೆ ‘ನೋಡಿ, ಹೇಳಿದೆನಲ್ಲ’. ಗೆದ್ದರೆ ‘ಅದೃಷ್ಟ’. ಅದಕ್ಕೇ ಮುಂಚೆಯೇ ಬರೆಸುವುದು. ಚೀಟಿ ಮೇಜಿನ ಮೇಲೆ ಅವರದೇ ಅಕ್ಷರದಲ್ಲಿ ಬಿದ್ದಿರುತ್ತದೆ. ಸುಲಭದ್ದೋ ಕಷ್ಟದ್ದೋ, ಎದ್ದು ಹೋಗುತ್ತೇನೆ ಅಂತ ಬರೆದಿದ್ದರು, ಹೋಗಲಿಲ್ಲ. ಇದನ್ನು ಅಳಿಸಲಾಗುವುದಿಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದ ಲೇಖನದಲ್ಲಿ ತನ್ನ ಮೇಲೆ ಭರವಸೆ ಹುಟ್ಟಲು ನಾಲ್ಕು ಮೂಲ ಹೇಳುತ್ತಾರೆ. ಬೇರೆಯವರ ಪ್ರೋತ್ಸಾಹ ಅದರಲ್ಲಿ ಒಂದು. ಆದರೆ ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ಮುಗಿಸಿದ ಅನುಭವ.

ಮನೆಯಲ್ಲೂ ಇದನ್ನು ಮಾಡಬಹುದು. ಹೆಜ್ಜೆ ತೀರಾ ಚಿಕ್ಕದಿರಲಿ, ತಪ್ಪಾದರೂ ನಷ್ಟ ಆಗದಷ್ಟು. ಸಭೆಯಲ್ಲಿ ಭಾಷಣ ಬೇಡ, ಒಂದು ಪ್ರಶ್ನೆ ಕೇಳಿ. ಏನಾಗಬಹುದು ಅಂತ ಬರೆಯುವಾಗ ‘ಕೆಟ್ಟದಾಗುತ್ತೆ’ ಅಂತ ಬರೆಯಬೇಡಿ. ‘ಯಾರೋ ನಗುತ್ತಾರೆ, ದನಿ ನಿಂತುಹೋಗುತ್ತೆ’ ಅಂತ ಬರೆಯಿರಿ. ಆಗ ಮಾತ್ರ ನಡೆದದ್ದನ್ನು ಅದರ ಪಕ್ಕ ಇಟ್ಟು ನೋಡಬಹುದು.

ಎಲ್ಲ ‘ಆಗಲ್ಲ’ವೂ ಬರೀ ನಂಬಿಕೆ ಅಲ್ಲ, ಇದನ್ನು ಹೇಳಲೇಬೇಕು. ಡಿಸ್ಕ್ಯಾಲ್ಕುಲಿಯಾ ಇದ್ದವರಿಗೆ ಅಂಕಿಗಳ ಜೊತೆ ನಿಜವಾದ ತೊಡಕು ಇರುತ್ತದೆ. ಅವರಿಗೆ ಧೈರ್ಯದ ಮಾತಿಗಿಂತ ಬೇರೆ ರೀತಿಯ ಕಲಿಕೆ ಬೇಕು. ಹಣ, ಆರೋಗ್ಯ, ಮನೆಯವರ ಬೆದರಿಕೆ ಇವೆಲ್ಲ ಗೋಡೆಗಳೇ. ಅಲ್ಲಿ ‘ಮನಸ್ಸು ಮಾಡಿದರೆ ಆಗುತ್ತೆ’ ಅನ್ನುವುದು ಅನ್ಯಾಯ. ವಾರಗಟ್ಟಲೆ ಯಾವುದರಲ್ಲೂ ಆಸೆಯೇ ಇಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸಿದರೆ ಚೀಟಿ ಪಕ್ಕಕ್ಕಿಡಿ, ತಡ ಮಾಡದೆ ವೈದ್ಯರ ಹತ್ತಿರ ಹೋಗಿ.

ಆಕೆ ಆರು ವಾರ ಬಂದರು. ಹಾಳೆಗಳು ಕಷ್ಟವಾಗುತ್ತಾ ಹೋದವು. ಐದನೇ ವಾರ ತಮ್ಮ ಕಚೇರಿಯದ್ದೇ ಒಂದು ಹಳೆಯ ಖರ್ಚಿನ ಪಟ್ಟಿ ತಂದರು. ಆರನೇ ಚೀಟಿಯಲ್ಲಿ ಖಾತ್ರಿ ನಲವತ್ತಕ್ಕೆ ಇಳಿದಿತ್ತು. ಅದರ ಹಿಂಬದಿಯಲ್ಲಿ, ನಾನು ಕೇಳದಿದ್ದರೂ, ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದರು: ‘ಮೂರನೇ ಸಲ ಕೇಳಿದರೆ, ಒಂದು ತಿಂಗಳು ನೋಡ್ತೀನಿ ಅಂತೀನಿ.’