ಕಾಲಲ್ಲಿ ಮುಳ್ಳು, ಕಾಲಲ್ಲಿ ಚಪ್ಪಲಿ: ಇಂಗ್ಲಿಷಿನ ಇನ್, ಆನ್, ಆ್ಯಟ್

‘ಕಾಲಲ್ಲಿ ಮುಳ್ಳಿದೆ’ ಎನ್ನುತ್ತೇವೆ, ‘ಕಾಲಲ್ಲಿ ಚಪ್ಪಲಿಯಿದೆ’ ಎಂದೂ ಎನ್ನುತ್ತೇವೆ. ಮುಳ್ಳು ಚರ್ಮದೊಳಗೆ ಹೊಕ್ಕಿದೆ, ಚಪ್ಪಲಿ ಹೊರಗಿನಿಂದ ಪಾದಕ್ಕೆ ತಗುಲಿಕೊಂಡಿದೆ. ಈ ವ್ಯತ್ಯಾಸವನ್ನು ನಮ್ಮ ‘ಅಲ್ಲಿ’ ಪ್ರತ್ಯಯ ಹೇಳುವುದಿಲ್ಲ. ಮುಳ್ಳು ಏನು, ಚಪ್ಪಲಿ ಏನು ಎಂದು ಬಲ್ಲವರಿಗೆ ಹೇಳುವ ಅಗತ್ಯವೂ ಇಲ್ಲ. ಇಂಗ್ಲಿಷ್ ಮಾತ್ರ ಇದನ್ನು ಕೇಳುವವರಿಗೆ ಬಿಟ್ಟುಕೊಡುವುದಿಲ್ಲ. ಮುಳ್ಳಿಗೆ ‘ಇನ್’ ಬೇಕು, ಚಪ್ಪಲಿಗೆ ‘ಆನ್’ ಬೇಕು. ‘ಬೆರಳಲ್ಲಿ ಉಂಗುರ’ ಎಂಬ ನಮ್ಮ ನಿರುಪದ್ರವಿ ಮಾತನ್ನು ನಾನೊಮ್ಮೆ ‘ಇನ್’ ಹಾಕಿ ಇಂಗ್ಲಿಷಿನಲ್ಲಿ ಬರೆದಿದ್ದೆ. ಓದಿದವರಿಗೆ ಉಂಗುರ ಮಾಂಸದೊಳಗೆ ಹೂತುಹೋದಂತೆ, ಚಿಮುಟ ಹಿಡಿದು ಕೀಳಬೇಕಾದಂತೆ ಕಂಡಿತು. ಅವರು ನಕ್ಕಿದ್ದು ನ್ಯಾಯವೇ.

ಈ ಪುಟ್ಟ ಪದಗಳಿಗೆ ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಎಂದು ಹೆಸರು. ಲ್ಯಾಟಿನ್ ಮೂಲದ ಈ ಮಾತಿಗೆ ‘ಮುಂದೆ ಇಟ್ಟದ್ದು’ ಎಂದಷ್ಟೇ ಅರ್ಥ: ನಾಮಪದದ ಮುಂದೆ ಇಡುವ ಪದ. ನಮ್ಮಲ್ಲಿ ಅದೇ ಕೆಲಸವನ್ನು ನಾಮಪದದ ಬಾಲಕ್ಕೆ ಅಂಟುವ ವಿಭಕ್ತಿ ಪ್ರತ್ಯಯವೂ, ‘ಮೇಲೆ, ಕೆಳಗೆ, ಹತ್ತಿರ, ನಡುವೆ’ ಎಂಬಂಥ ಪದಗಳೂ ಮಾಡುತ್ತವೆ. ಶಾಲೆಯಲ್ಲಿ ಇದನ್ನು ಉಪಸರ್ಗ ಎಂದು ಹೇಳಿಕೊಟ್ಟಿದ್ದರೆ ಆ ಹೆಸರನ್ನು ಮರೆಯುವುದೇ ಒಳ್ಳೆಯದು. ‘ಪ್ರಹಾರ’ದ ಪ್ರ, ‘ಅಪಮಾನ’ದ ಅಪ ಇವು ಉಪಸರ್ಗಗಳು, ಅವು ಪದದೊಳಗೇ ಬೆರೆತು ಅರ್ಥವನ್ನು ತಿರುಗಿಸುತ್ತವೆ. ಇನ್, ಆನ್‌ಗಳ ನಿಜವಾದ ನೆಂಟ ಸಪ್ತಮೀ ವಿಭಕ್ತಿ. ಹಳಗನ್ನಡದಲ್ಲಿ ಸಪ್ತಮಿಗಿದ್ದ ‘ಒಳ್’ ಪ್ರತ್ಯಯಕ್ಕೂ ‘ಒಳಗೆ’ ಎಂಬ ಮಾತಿಗೂ ನಂಟಿದೆ. ಆದರೂ ‘ಬೆಟ್ಟದೊಳ್’ ಎಂದರೆ ಬೆಟ್ಟದ ಹೊಟ್ಟೆಯೊಳಗೇ ಇರಬೇಕೆಂದಿಲ್ಲ. ಒಂದೇ ಪ್ರತ್ಯಯದಿಂದ ಎಲ್ಲ ಬಗೆಯ ಇರವನ್ನೂ ತೂಗಿಸುವುದು ನಮಗೆ ಹಳೆಯ ಅಭ್ಯಾಸ.

ಹಾಗಾದರೆ ಇಂಗ್ಲಿಷ್ ಕೇಳುವುದೇನು? ಆ ಜಾಗವನ್ನು ನೀವು ಯಾವ ಆಕಾರದಲ್ಲಿ ನೋಡುತ್ತಿದ್ದೀರಿ ಎಂದು ಕೇಳುತ್ತದೆ. ಸುತ್ತ ಗೋಡೆಯಿರುವ ಪಾತ್ರೆಯಂತೆ ಕಂಡರೆ ‘ಇನ್’. ಮುಟ್ಟಬಹುದಾದ ಮೈಯಂತೆ ಅಥವಾ ಉದ್ದಕ್ಕೆ ಹರಿದ ಗೆರೆಯಂತೆ ಕಂಡರೆ ‘ಆನ್’. ಉದ್ದಗಲವೇ ಇಲ್ಲದ ಚುಕ್ಕೆಯಂತೆ ಕಂಡರೆ ‘ಆ್ಯಟ್’. ದೊಡ್ಡ ಊರಿಗೆ ಇನ್, ಸಣ್ಣ ಜಾಗಕ್ಕೆ ಆ್ಯಟ್ ಎಂದು ಬಾಯಿಪಾಠ ಮಾಡಿಸುವುದುಂಟು. ನನ್ನ ಲೆಕ್ಕದಲ್ಲಿ ಈ ಸೂತ್ರ ಮಾಡಿದಷ್ಟು ಹಾನಿಯನ್ನು ಬೇರೆ ಯಾವುದೂ ಮಾಡಿಲ್ಲ. ಬೆಂಕಿಪೊಟ್ಟಣ ಅಂಗೈಯಷ್ಟೂ ಇಲ್ಲ, ಕಡ್ಡಿ ಅದರೊಳಗೆ ಇರುವುದು ‘ಇನ್’. ವಿಮಾನ ನಿಲ್ದಾಣ ಮೈಲಿಗಟ್ಟಲೆ ಹರಡಿರಲಿ, ಅಲ್ಲಿ ಯಾರಿಗಾದರೂ ಕಾಯುವುದು ‘ಆ್ಯಟ್’. ಇಡೀ ನಗರವೂ ಚುಕ್ಕೆಯಾಗಬಲ್ಲದು: ವಿಮಾನ ದಾರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಒಂದು ಗಂಟೆ ನಿಂತಿತು ಎನ್ನುವಾಗ ಫ್ರಾಂಕ್‌ಫರ್ಟಿಗೆ ‘ಆ್ಯಟ್’ ಬರುತ್ತದೆ. ಪಯಣದ ಗೆರೆಯ ಮೇಲೆ ಅದೊಂದು ಬಿಂದು, ಅಷ್ಟೇ. ಅದೇ ಊರಿನಲ್ಲಿ ಮನೆ ಮಾಡಿಕೊಂಡು ವಾಸವಿದ್ದರೆ ‘ಇನ್’.

ಆ್ಯಟ್ ಚುಕ್ಕೆಯೆಂಬುದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಚುಕ್ಕೆಯೆಂದ ಮೇಲೆ ಅದು ಗುರಿಯೂ ಹೌದು. ಚೆಂಡನ್ನು ನನಗೆ ಎಸೆ ಎಂದರೆ ‘ಟು’. ನಾನು ಹಿಡಿಯಲೆಂದು ಎಸೆಯುತ್ತೀರಿ. ‘ಟು’ ತೆಗೆದು ‘ಆ್ಯಟ್’ ಹಾಕಿದರೆ ನನಗೆ ಗುರಿಯಿಟ್ಟು ಹೊಡೆಯುತ್ತೀರಿ, ನಾನು ತಲೆ ತಗ್ಗಿಸಬೇಕು. ಕೂಗುವುದರಲ್ಲೂ ಹಾಗೆಯೇ: ದೂರದಲ್ಲಿರುವವರಿಗೆ ಕೇಳಲೆಂದು ಕೂಗಿದರೆ ‘ಟು’, ಒಬ್ಬರ ಮೇಲೆ ಹರಿಹಾಯ್ದರೆ ‘ಆ್ಯಟ್’. 1971ರಲ್ಲಿ ರೇ ಟಾಮ್ಲಿನ್ಸನ್ ಇಮೇಲ್ ವಿಳಾಸಕ್ಕೆ ಆರಿಸಿಕೊಂಡ ಸುರುಳಿ ಚಿಹ್ನೆಯೂ ಇದೇ ಪದ: ಇಂಥವರು ಇಂಥ ಕಂಪ್ಯೂಟರಿನಲ್ಲಿ ಇದ್ದಾರೆ. ಅದಕ್ಕೂ ಮುಂಚೆ ಆ ಚಿಹ್ನೆಗೆ ಲೆಕ್ಕಪತ್ರಗಳಲ್ಲಿ ದರ ಸೂಚಿಸುವ ಕೆಲಸವಿತ್ತು. ಇಮೇಲ್ ವಿಳಾಸ ಓದುವಾಗ ‘ಆ್ಯಟ್ ದ ರೇಟ್’ ಎನ್ನುವವರು ಆ ಹಳೆಯ ಲೆಕ್ಕವನ್ನೇ ಓದುತ್ತಿದ್ದಾರೆ. ವಿಳಾಸಕ್ಕೆ ಬರಿಯ ‘ಆ್ಯಟ್’ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಮರದ್ದು. ಮರದಲ್ಲಿ ಹಣ್ಣಿದೆ, ಮರದಲ್ಲಿ ಹಕ್ಕಿಯಿದೆ. ಇಂಗ್ಲಿಷಿನಲ್ಲಿ ಹಣ್ಣು ‘ಆನ್’, ಹಕ್ಕಿ ‘ಇನ್’. ಹಣ್ಣು ಕೊಂಬೆಗೆ ತೊಟ್ಟಿನಿಂದ ಅಂಟಿಕೊಂಡಿದೆ, ಅದು ಮರದ ಮೈಗೇ ಸೇರಿದ್ದು; ಎಲೆಯೂ ಹಾಗೆಯೇ. ಹಕ್ಕಿ ಹೊರಗಿನಿಂದ ಬಂದು ಎಲೆಕೊಂಬೆಗಳ ಗೂಡಿನಂಥ ಒಳಜಾಗದಲ್ಲಿ ಕುಳಿತಿದೆ. ಅದು ಯಾವುದೋ ಒಂದು ಕೊಂಬೆಯ ಮೇಲಿದೆ ಎಂದು ಬೊಟ್ಟು ಮಾಡಿ ತೋರಿಸುವಾಗ ಹಕ್ಕಿಗೂ ‘ಆನ್’ ಬರುತ್ತದೆ, ಏಕೆಂದರೆ ಆಗ ನಿಮ್ಮ ಕಣ್ಣಿಗೆ ಬಿದ್ದಿರುವುದು ಮರವಲ್ಲ, ಕೊಂಬೆ. ಹಕ್ಕಿ ಕೂತಲ್ಲಿಂದ ಕದಲಿಲ್ಲ, ಬದಲಾದದ್ದು ನೋಟ.

ನದಿಯೂ ಹೀಗೆಯೇ. ಮೀನು ನದಿಯೊಳಗೆ, ಆದ್ದರಿಂದ ‘ಇನ್’. ದೋಣಿ ನೀರಿನ ಮೈಮೇಲೆ, ಆದ್ದರಿಂದ ‘ಆನ್’. ಇಷ್ಟು ಸುಲಭ. ಆದರೆ ಲಂಡನ್ ಥೇಮ್ಸ್ ದಂಡೆಯ ಊರು ಎನ್ನಲೂ ‘ಆನ್’ ಬರುತ್ತದೆ. ಊರೇನು ತೇಲುತ್ತಿಲ್ಲ. ನಕ್ಷೆಯಲ್ಲಿ ನದಿ ಒಂದು ಗೆರೆ, ಊರು ಆ ಗೆರೆಗೆ ತಾಗಿಕೊಂಡಿದೆ. ಕರಾವಳಿ, ಗಡಿ, ಹೆದ್ದಾರಿ ಇವೆಲ್ಲ ಇಂಥ ಗೆರೆಗಳೇ. ಗೋಡೆಯ ಗಡಿಯಾರಕ್ಕೂ ಚಾವಣಿಗೆ ತಲೆಕೆಳಗಾಗಿ ಅಂಟಿದ ನೊಣಕ್ಕೂ ‘ಆನ್’ ಸಲ್ಲುವುದು ಈ ತಾಗುವಿಕೆಯಿಂದಲೇ. ‘ಆನ್’ ಎಂದರೆ ‘ಮೇಲೆ’ ಎಂದು ಕಲಿತವರು ಇಲ್ಲಿ ತಡವರಿಸುತ್ತಾರೆ, ಏಕೆಂದರೆ ನೊಣ ಇರುವುದು ಚಾವಣಿಯ ಕೆಳಮೈಯಲ್ಲಿ.

ನಮ್ಮ ‘ಮೇಲೆ’ಯದು ಇನ್ನೊಂದು ತಕರಾರು. ಪುಸ್ತಕ ಮೇಜಿನ ಮೇಲಿದೆ, ದೀಪ ಮೇಜಿನ ಮೇಲೆ ತೂಗುತ್ತಿದೆ. ಮೊದಲನೆಯದು ತಾಗಿದೆ, ಅದು ‘ಆನ್’. ಎರಡನೆಯದು ತಾಗಿಲ್ಲ, ಅದಕ್ಕೆ ‘ಓವರ್’ ಅಥವಾ ‘ಅಬೋವ್’. ಕೆಳಗಿನ ಜೋಡಿಯಲ್ಲಿ ‘ಅಂಡರ್’ ಎಂದರೆ ಮುಚ್ಚಿದಂತೆ ನೇರ ಅಡಿಯಲ್ಲಿರುವುದು, ‘ಬಿಲೋ’ ಎಂದರೆ ಮಟ್ಟದಲ್ಲಿ ಕೆಳಗಿರುವುದು. ಮೃತ ಸಮುದ್ರದ ದಂಡೆ ಸಮುದ್ರ ಮಟ್ಟಕ್ಕಿಂತ 400 ಮೀಟರಿಗೂ ಹೆಚ್ಚು ಕೆಳಗಿದೆ; ಅದಕ್ಕೆ ‘ಬಿಲೋ’ ಬೇಕು. ‘ಅಂಡರ್ ದ ಸೀ’ ಎಂದುಬಿಟ್ಟರೆ ದಂಡೆಯಲ್ಲಿ ನಿಂತವರೆಲ್ಲ ನೀರಿನಡಿ ಸೇರುತ್ತಾರೆ.

ವಾಹನಗಳಿಗೆ ಬಂದರೆ ಪಾತ್ರೆ, ಮೈ ಎಂಬ ತರ್ಕ ಮೊದಲು ಕೈಕೊಟ್ಟಂತೆ ಕಾಣುತ್ತದೆ. ಕಾರು, ಟ್ಯಾಕ್ಸಿಗಳಿಗೆ ‘ಇನ್’. ಬಸ್ಸು, ರೈಲು, ವಿಮಾನ, ಹಡಗುಗಳಿಗೆ ‘ಆನ್’. ಬಸ್ಸಿಗೂ ಗೋಡೆಯಿದೆ, ಛಾವಣಿಯಿದೆ, ಮತ್ತೇಕೆ? ಕಾರಿನೊಳಗೆ ಮೈ ಮುದುಡಿ ತೂರಿಕೊಳ್ಳುತ್ತೇವೆ, ಒಳಗೆ ಕುಳಿತೇ ಇರಬೇಕು. ಬಸ್ಸು ಹಡಗುಗಳಲ್ಲಿ ಹತ್ತಿ ನಿಲ್ಲಬಹುದು, ನಾಲ್ಕು ಹೆಜ್ಜೆ ಓಡಾಡಬಹುದು. ಕಾಲಡಿಯಲ್ಲಿ ಒಂದು ಅಟ್ಟಣೆಯಿದ್ದಂತೆ. ಸೈಕಲ್ಲು, ಕುದುರೆಗಳಿಗೆ ಒಳಗೆಂಬುದೇ ಇಲ್ಲದ್ದರಿಂದ ‘ಆನ್’. ಸಣ್ಣ ದೋಣಿಯಲ್ಲಿ ಕಾರಿನಂತೆ ‘ಇನ್’. ಇದನ್ನು ಕಟ್ಟುನಿಟ್ಟಿನ ಕಾನೂನೆನ್ನಲಾರೆ. ಮಳೆ ಜೋರಾದಾಗ ಬಸ್ಸಿನೊಳಗೆ ಕುಳಿತೇ ಇದ್ದೆವು ಎಂದು ಒಳಗನ್ನೇ ಎತ್ತಿ ಹೇಳಬೇಕಿದ್ದರೆ ಬಸ್ಸಿಗೂ ‘ಇನ್’ ಒಪ್ಪುತ್ತದೆ.

ಮೂಲೆಯ ಕಥೆ ಚಿಕ್ಕದು, ಆದರೆ ಚೆಂದದ್ದು. ಎರಡು ಗೋಡೆ ಕೂಡುವ ಒಂದೇ ಕೋನವನ್ನು ಕೋಣೆಯೊಳಗಿಂದ ನೋಡಿದರೆ ಅದು ನಮ್ಮನ್ನು ಎರಡು ಕಡೆಯಿಂದ ಆವರಿಸಿದಂತಿರುತ್ತದೆ. ಅಲ್ಲಿಟ್ಟ ಕುರ್ಚಿ ‘ಇನ್ ದ ಕಾರ್ನರ್’. ಬೀದಿಯಲ್ಲಿ ನಿಂತು ನೋಡಿದರೆ ಅದೇ ಕೋನ ಹೊರಕ್ಕೆ ಚಾಚಿದ ಮೊನೆ. ಅಲ್ಲಿ ನಿಂತವರು ‘ಆನ್’ ಅಥವಾ ‘ಆ್ಯಟ್’.

ಎಲ್ಲದಕ್ಕೂ ಚಿತ್ರ ಬಿಡಿಸಿ ತೋರಿಸಬಹುದೆಂದು ನಾನು ನಟಿಸುವುದಿಲ್ಲ. ಕೆಲವು ಬರಿಯ ರೂಢಿ. ರೋಗಿಯಾಗಿ ಆಸ್ಪತ್ರೆಯಲ್ಲಿದ್ದಾರೆ ಎನ್ನಲು ಬ್ರಿಟನ್ನಿನವರು ‘ಇನ್ ಹಾಸ್ಪಿಟಲ್’ ಎನ್ನುತ್ತಾರೆ, ಅಮೆರಿಕದವರು ನಡುವೆ ‘ದ’ ಸೇರಿಸುತ್ತಾರೆ. ಬೀದಿಗೆ ಬ್ರಿಟನ್ನಿನಲ್ಲಿ ‘ಇನ್’ ಸಾಮಾನ್ಯ, ಅಮೆರಿಕದಲ್ಲಿ ‘ಆನ್’. ಮನೆಯ ಸಂಖ್ಯೆ ಸೇರಿದರೆ ಇಬ್ಬರೂ ‘ಆ್ಯಟ್’ಗೆ ಬರುತ್ತಾರೆ: ಬ್ರಿಟನ್ ಪ್ರಧಾನಿಯ ನಿವಾಸ ‘ಆ್ಯಟ್ 10 ಡೌನಿಂಗ್ ಸ್ಟ್ರೀಟ್’. ಸಂಖ್ಯೆ ಬಂದೊಡನೆ ಬೀದಿ ಹೋಗಿ ಚುಕ್ಕೆ ಉಳಿಯುತ್ತದೆ.

ಇಬ್ಬರಿದ್ದರೆ ‘ಬಿಟ್ವೀನ್’, ಹೆಚ್ಚು ಜನರಿದ್ದರೆ ‘ಅಮಂಗ್’ ಎಂಬ ಇನ್ನೊಂದು ಬಾಯಿಪಾಠವಿದೆ. ಅದೂ ಪೂರ್ತಿ ನಿಜವಲ್ಲ. ಸ್ವಿಟ್ಜರ್ಲೆಂಡಿನ ಸುತ್ತ ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾ, ಲಿಕ್ಟನ್‌ಸ್ಟೈನ್, ಇಟಲಿ ಎಂಬ ಐದು ದೇಶಗಳಿವೆ, ಆದರೂ ಅದು ಅವುಗಳ ನಡುವೆ ಇರುವುದು ‘ಬಿಟ್ವೀನ್’. ಒಂದೊಂದನ್ನೂ ಬೇರೆ ಬೇರೆಯಾಗಿ ಹೆಸರಿಸಬಲ್ಲಿರಾದರೆ ‘ಬಿಟ್ವೀನ್’. ಮರಗಳ ನಡುವಿನ ಮನೆಯಂತೆ ಲೆಕ್ಕವಿಲ್ಲದ ಗುಂಪಾದರೆ ‘ಅಮಂಗ್’.

ಕೊನೆಗೆ, ಯಾವುದನ್ನೂ ಒಲ್ಲದ ಪದಗಳು. ನಾವು ಮನೆಗೆ ಹೋಗುತ್ತೇವೆ, ಕೋಣೆಗೆ ಪ್ರವೇಶಿಸುತ್ತೇವೆ, ಊರಿಗೆ ತಲುಪುತ್ತೇವೆ; ನಮ್ಮ ‘ಗೆ’ ಮೂರಕ್ಕೂ ಬೇಕು. ಆ ಅಭ್ಯಾಸದಿಂದ ‘ಗೋ’ ಮತ್ತು ‘ಹೋಮ್’ ನಡುವೆ ‘ಟು’ ತುರುಕುತ್ತೇವೆ, ‘ಎಂಟರ್’ ಆದ ಮೇಲೆ ‘ಇಂಟು’, ‘ರೀಚ್’ ಆದ ಮೇಲೆ ಮತ್ತೆ ‘ಟು’. ಮೂರೂ ಕಡೆ ಅಲ್ಲಿ ಏನೂ ಇರಬಾರದು. ‘ಅರೈವ್’ಗೆ ಮಾತ್ರ ಏನಾದರೂ ಬೇಕು, ಆದರೆ ‘ಟು’ ಅಲ್ಲ: ನಗರಕ್ಕೆ ಬಂದಿಳಿದರೆ ‘ಇನ್’, ನಿಲ್ದಾಣಕ್ಕಾದರೆ ‘ಆ್ಯಟ್’.