ಅರವತ್ತಾರು ವರ್ಷಗಳ ನಂತರ ಅದೇ ಪರೀಕ್ಷೆ

1932ರ ಜೂನ್ 1. ಆ ದಿನ ಸ್ಕಾಟ್ಲೆಂಡಿನ ಶಾಲೆಗಳಲ್ಲಿ, 1921ರಲ್ಲಿ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಒಂದೇ ಬುದ್ಧಿಶಕ್ತಿ ಪರೀಕ್ಷೆಗೆ ಕೂತರು. ಒಟ್ಟು 87,498 ಮಕ್ಕಳು. ಅವರ ಅಂಕಗಳನ್ನು ಬರೆದಿಟ್ಟ ಪುಸ್ತಕಗಳು ದಶಕಗಟ್ಟಲೆ ಧೂಳು ಹಿಡಿದು ಕೂತಿದ್ದವು. ಸಂಶೋಧಕರಾದ ಇಯಾನ್ ಡಿಯರಿ, ಲಾರೆನ್ಸ್ ವಾಲಿ ಅವನ್ನು ಪತ್ತೆಹಚ್ಚಿದರು. 1998ರಲ್ಲಿ ಅಬರ್ಡೀನ್ ನಗರದಲ್ಲಿ ಅದೇ ಮಕ್ಕಳ ಪೈಕಿ 101 ಮಂದಿ, ಈಗ 77ರ ಅಜ್ಜ ಅಜ್ಜಿಯರಾಗಿದ್ದವರು, ಅದೇ ಪ್ರಶ್ನೆಗಳಿಗೆ ಅದೇ 45 ನಿಮಿಷಗಳಲ್ಲಿ ಮತ್ತೆ ಉತ್ತರ ಬರೆದರು.

ಎರಡೂ ಸಲದ ಅಂಕಗಳ ನಡುವಿನ ಸಹಸಂಬಂಧ 0.63. ಇದು 1ಕ್ಕೆ ಹತ್ತಿರವಾದಷ್ಟೂ ಅಂದು ಮುಂದಿದ್ದವರು ಇಂದೂ ಮುಂದಿದ್ದಾರೆ ಎಂದರ್ಥ. 0 ಬಂದರೆ ಹಳೆಯ ಅಂಕದಿಂದ ಹೊಸದನ್ನು ಊಹಿಸುವಂತಿಲ್ಲ. ಮಹಾಯುದ್ಧ, ಕೆಲಸ, ಕಾಯಿಲೆ ಎಲ್ಲ ಹಾದುಬಂದ ಮೇಲೂ 0.63 ಉಳಿದದ್ದು ನನಗಂತೂ ಬೆರಗಿನ ಸಂಗತಿ. ಆದರೆ ಈ ಸಂಖ್ಯೆ ಹೇಳುವುದು ಯಾರು ಯಾರಿಗಿಂತ ಮುಂದೆ ಎಂಬುದನ್ನಷ್ಟೇ. ಎಲ್ಲರ ಅಂಕವೂ ಸಮನಾಗಿ ಹತ್ತು ಏರಿದರೆ ಅದು ಒಂದಿಷ್ಟೂ ಕದಲದು. ಆ ವೃದ್ಧರ ಸರಾಸರಿ ಅಂಕ ಹನ್ನೊಂದರ ವಯಸ್ಸಿನಲ್ಲಿ ಪಡೆದಿದ್ದಕ್ಕಿಂತ ಹೆಚ್ಚೇ ಇತ್ತು.

ಇಷ್ಟು ದೀರ್ಘ ಅಂತರದಲ್ಲಿ ಮನುಷ್ಯ ಬದಲಾದದ್ದೂ ಅಳತೆಗೋಲು ಅಲುಗಾಡಿದ್ದೂ ಒಂದರೊಳಗೊಂದು ಬೆರೆತಿರುತ್ತವೆ. ಪರೀಕ್ಷೆಯ ಗುಣವನ್ನಷ್ಟೇ ತಿಳಿಯಬೇಕಿದ್ದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮರುಪರೀಕ್ಷೆ ನಡೆಸುತ್ತಾರೆ. ಮರುದಿನವೇ ಕೂರಿಸಿದರೆ ಹಳೆಯ ಉತ್ತರಗಳು ನೆನಪಿನಲ್ಲಿರುತ್ತವೆ. ಖಿನ್ನತೆಯ ಪ್ರಶ್ನಾವಳಿಗಳಲ್ಲಿ ಇದು ಇನ್ನೂ ಸೂಕ್ಷ್ಮ: ಚಿಕಿತ್ಸೆಯಿಂದ ರೋಗಿ ಚೇತರಿಸಿಕೊಂಡರೂ ಅಂಕ ಮಿಸುಕದಿದ್ದರೆ, ಅಂಥ ಸ್ಥಿರತೆಯಿಂದ ಯಾರಿಗೂ ಉಪಯೋಗವಿಲ್ಲ.

ಒಳ್ಳೆಯ ಐಕ್ಯೂ (ಬುದ್ಧಿಮಟ್ಟ) ಪರೀಕ್ಷೆಯಲ್ಲೂ ಅಲುಗಾಟ ಇದ್ದೇ ಇದೆ. ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಮತ್ತೆ ಅಳೆದಾಗ ಅಂಕಗಳು ಎಷ್ಟು ಸ್ಥಿರ ಎಂಬುದರ ಅಳತೆ, 1ಕ್ಕೆ 0.91 ಎಂದಿಟ್ಟುಕೊಳ್ಳಿ. ಐಕ್ಯೂ ಅಂಕಗಳ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಅಂಕಗಳು ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎಂಬುದು, 15. ಆಗ ಮಾಪನದೋಷ, ಅಂದರೆ ಒಬ್ಬರ ಅಂಕ ಅವರ ನಿಜವಾದ ಮಟ್ಟದಿಂದ ಸಾಮಾನ್ಯವಾಗಿ ಸರಿಯುವ ಪ್ರಮಾಣ, ಸುಮಾರು 4.5 ಅಂಕ. ಅತ್ತಿತ್ತ ಅದರ ಎರಡರಷ್ಟು ಅವಕಾಶ ಬಿಟ್ಟರೆ, 71 ಪಡೆದವರ ನಿಜವಾದ ಮಟ್ಟ ಸರಿಸುಮಾರು 62ರಿಂದ 80ರ ನಡುವೆ ಎಲ್ಲಾದರೂ ಇರಬಹುದು.

ಅಮೆರಿಕದ ಫ್ಲೋರಿಡಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಫ್ರೆಡ್ಡಿ ಲೀ ಹಾಲ್ ಪಡೆದದ್ದು ಇದೇ 71. ಬೌದ್ಧಿಕ ಅಂಗವೈಕಲ್ಯ ಉಳ್ಳವರಿಗೆ ಮರಣದಂಡನೆ ವಿಧಿಸುವಂತಿಲ್ಲ ಎಂಬ ನಿಯಮ ಅಲ್ಲಿತ್ತು. ಆದರೆ 70ಕ್ಕಿಂತ ಒಂದೇ ಒಂದು ಅಂಕ ಹೆಚ್ಚಿದ್ದರೂ ಬೇರೆ ಸಾಕ್ಷ್ಯವನ್ನು ನೋಡಲೂ ಆ ರಾಜ್ಯ ಒಪ್ಪುತ್ತಿರಲಿಲ್ಲ. ಮಾಪನದೋಷವನ್ನು ಕಡೆಗಣಿಸಿ ಹೀಗೆ ಗೆರೆ ಎಳೆಯುವುದು ಸಂವಿಧಾನಬಾಹಿರ ಎಂದು 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ತೀರ್ಪಿತ್ತಿತು. 2016ರಲ್ಲಿ ಹಾಲ್ ಅವರ ಮರಣದಂಡನೆ ರದ್ದಾಯಿತು.