ಟಾರ್ಪಿಡೊ ಬಿದ್ದದ್ದು ಎಲ್ಲಿಗೆ?

ಹಡಗಿನ ವಿನ್ಯಾಸ ಕಲಿಯಲು ಬರುವ ಹುಡುಗರು ಇಟಲಿಯ ಯುದ್ಧನೌಕೆಗಳ ಪಾಠ ಬಂದ ಕೂಡಲೇ ಕೇಳುವುದು ಇದನ್ನೇ: "ಪುಲ್ಯೇಸೆ ಸಿಲಿಂಡರ್ ಟಾರಂಟೊದಲ್ಲಿ ಫೇಲಾಯ್ತಲ್ವಾ ಸಾರ್?" ಪ್ರತಿ ಬ್ಯಾಚಿನಲ್ಲೂ ಇದೇ. ಪುಲ್ಯೇಸೆ ಸಿಲಿಂಡರ್ ಅಂದರೆ ಟಾರ್ಪಿಡೊ (ನೀರಿನೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಏಟಿನಿಂದ ಹಡಗನ್ನು ಕಾಯುವ ಕೊಳವೆ. ಟಾರಂಟೊ ಇಟಲಿಯ ನೌಕಾನೆಲೆ; 1940ರಲ್ಲಿ ಬ್ರಿಟಿಷ್ ವಿಮಾನಗಳು ಅಲ್ಲಿ ನಿಂತಿದ್ದ ಹಡಗುಗಳಿಗೆ ಟಾರ್ಪಿಡೊ ಹೊಡೆದವು. ಟಾರ್ಪಿಡೊ ಹಡಗಿನ ಯಾವ ಭಾಗಕ್ಕೆ ಬಡಿಯಿತು ಅಂತ ತಿರುಗಿ ಕೇಳಿದರೆ ಉತ್ತರವಿಲ್ಲ. ಬೇಜಾರಾಗುತ್ತದೆ.

ಇಟಲಿಯ ನೌಕಾ ಎಂಜಿನಿಯರ್ ಉಂಬೆರ್ತೊ ಪುಲ್ಯೇಸೆ ಲಿಟ್ಟೋರಿಯೊ ಯುದ್ಧನೌಕೆಯ ಎರಡೂ ಬದಿಗೆ, ನೀರಿನ ಮಟ್ಟದ ಕೆಳಗೆ, 3.8 ಮೀಟರ್ ಅಡ್ಡಳತೆಯ ಟೊಳ್ಳು ಕೊಳವೆ ಇಟ್ಟರು. ಅದರ ಸುತ್ತ ದ್ರವ. ಟಾರ್ಪಿಡೊ ಸಿಡಿದರೆ ಒತ್ತಡ ದ್ರವದ ಮೂಲಕ ಹೋಗಿ ಕೊಳವೆಯನ್ನು ಜಜ್ಜಬೇಕು. ಜಜ್ಜಿಹೋಗುವುದೇ ಕೊಳವೆಯ ಕೆಲಸ. ಸ್ಫೋಟದ ಶಕ್ತಿ ಜಾಸ್ತಿ ಪಾಲು ಅಲ್ಲೇ ಖರ್ಚಾಗಿ, ಒಳಗಿನ ಗೋಡೆ ಉಳಿಯಬೇಕು.

ಆದರೆ ಇದಕ್ಕೆ ಜಾಗ ಬೇಕು. ಹಡಗು ನಡುವಿನಲ್ಲಿ ಅಗಲ, ಎರಡೂ ತುದಿಗೆ ಹೋದಂತೆ ಕಿರಿದು. ತುದಿಯಲ್ಲಿ ಇಷ್ಟು ದೊಡ್ಡ ಕೊಳವೆ ಹಿಡಿಸುವುದಿಲ್ಲ. 1941ರ ಮಾರ್ಚ್ 28ರಂದು ಗ್ರೀಸಿನ ಮಟಪಾನ್ ಭೂಶಿರದ ಬಳಿ, ಲಿಟ್ಟೋರಿಯೊ ಮಾದರಿಯದೇ ಆದ ವಿಟ್ಟೋರಿಯೊ ವೆನೆಟೊಗೆ ಏಟು ಬಿದ್ದದ್ದು ಹಿಂದೆ, ಪ್ರೊಪೆಲ್ಲರ್ ಹತ್ತಿರ. ಸುಮಾರು 4000 ಟನ್ ನೀರು ನುಗ್ಗಿತು. ಇಲ್ಲದ ಕೊಳವೆ ಅದನ್ನು ತಡೆಯುವುದು ಹೇಗೆ? ಆದರೂ ಹಡಗು ಟಾರಂಟೊ ಮುಟ್ಟಿತು. 1940ರ ನವೆಂಬರ್ 11ರ ರಾತ್ರಿ ಟಾರಂಟೊದಲ್ಲಿ ಲಿಟ್ಟೋರಿಯೊಗೆ ಬಿದ್ದ ಮೂರು ಟಾರ್ಪಿಡೊಗಳಲ್ಲೂ ಎರಡು ಮುಂಭಾಗಕ್ಕೆ, ಒಂದು ಹಿಂಭಾಗಕ್ಕೆ. ಕೆಲವೇ ತಿಂಗಳಲ್ಲಿ ಅದು ಮತ್ತೆ ಕೆಲಸಕ್ಕೆ ಬಂತು. ಅದೇ ರಾತ್ರಿ ಒಂದೇ ಟಾರ್ಪಿಡೊ ತಿಂದ ಕೊಂಟೆ ಡಿ ಕಾವೂರ್ ಮತ್ತೆ ಸೇವೆಗೆ ಮರಳಲೇ ಇಲ್ಲ. ಅದು ಮೊದಲ ಮಹಾಯುದ್ಧದ ಕಾಲದ, 28 ಮೀಟರ್ ಅಗಲದ ಹಳೇ ಒಡಲು. ಅದರೊಳಗೆ ಕೊಳವೆಯನ್ನು ಆಮೇಲೆ ತುರುಕಿದ್ದು. ಲಿಟ್ಟೋರಿಯೊ ಅಗಲ ಹೆಚ್ಚುಕಡಿಮೆ 33 ಮೀಟರ್.

ಪುಲ್ಯೇಸೆಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಯೆಹೂದಿ ಎಂಬ ಕಾರಣಕ್ಕೆ 1938ರ ಜನಾಂಗ ಕಾನೂನು ಅವರನ್ನು ನೌಕಾಪಡೆಯಿಂದ ಹೊರಗೆ ಹಾಕಿತು. ಟಾರಂಟೊದ ಏಟು ಬಿದ್ದ ಮೇಲೆ, ಹಡಗುಗಳನ್ನು ಮೇಲೆತ್ತಲು ಅವರನ್ನೇ ಕರೆಸಿಕೊಂಡರು. ಅವರು ಹೋದರು.

ಹಾಗಂತ ದೋಷವೇ ಇರಲಿಲ್ಲ ಅನ್ನುತ್ತಿಲ್ಲ. ರಿವೆಟ್ ಹೊಡೆದ ಜೋಡಣೆಗಳು ದುರ್ಬಲ. ಕೊಳವೆ ಜಜ್ಜುವ ಮೊದಲೇ ಕೀಲು ಬಿಟ್ಟರೆ ಒತ್ತಡ ಸೀದಾ ಒಳಗೋಡೆಗೆ ಹೋಗುತ್ತದೆ. 1941ರ ಡಿಸೆಂಬರ್ 14ರಂದು ಬ್ರಿಟಿಷ್ ಜಲಾಂತರ್ಗಾಮಿ ಅರ್ಜ್ ಹೊಡೆದ ಟಾರ್ಪಿಡೊ ವಿಟ್ಟೋರಿಯೊ ವೆನೆಟೊದ ಹಿಂದಿನ ಫಿರಂಗಿ ಗೋಪುರದ ಪಕ್ಕಕ್ಕೆ, ಕೊಳವೆ ಇದ್ದ ಕಡೆಗೇ, ಬಿದ್ದು ನೀರು ಒಳಗೆ ನುಗ್ಗಿತು. ಸಿಲಿಂಡರನ್ನು ಬೈಯಬೇಕಿದ್ದರೆ ಈ ಏಟಿನ ಡ್ರಾಯಿಂಗ್ ಹಿಡಿದುಕೊಂಡು ಬನ್ನಿ, ಎಷ್ಟು ಹೊತ್ತಾದರೂ ಕೂತು ಮಾತಾಡೋಣ.